ಚುಚ್ಚದೇ ಶುಗರ್ ತೋರಿಸುವ ವಾಚ್ ನಂಬಿ ಇನ್ಸುಲಿನ್ ತಗೊಳ್ಳಬೇಡಿ

ಮಾನ್ಯ ಸಂಪಾದಕರೇ,

ನಾನು ಸುರತ್ಕಲ್ ಕಡೆಯ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಈಚೆಗೆ ನಮ್ಮ ಕಡೆ ಬೆಳಗಿನ ಪೇಪರ್ ಒಳಗೆ ಒಂದು ಬಣ್ಣದ ಕರಪತ್ರ ಇಟ್ಟು ಹಂಚುತ್ತಿದ್ದಾರೆ. ಕೈಗೆ ಕಟ್ಟಿಕೊಂಡರೆ ಸಾಕು, ಬಿಪಿ, ಆಕ್ಸಿಜನ್, ಹಾರ್ಟ್‌ಬೀಟ್ ಜೊತೆಗೆ ಶುಗರ್ ಕೂಡ ತೋರಿಸುವ ವಾಚ್ ಅಂತೆ. ಸೂಜಿ ಬೇಡ, ರಕ್ತ ಬೇಡ, ರಕ್ತದ ಹನಿ ಹಾಕಿ ನೋಡುವ ಸ್ಟ್ರಿಪ್ ಖರ್ಚೂ ಇಲ್ಲ ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ. ಫೋನ್ ತೆಗೆದರೂ ಇದೇ ಜಾಹೀರಾತು. ಉಂಗುರದ ರೂಪದಲ್ಲೂ ಬಂದಿದೆ. ನಮ್ಮಲ್ಲಿ ಔಷಧಿಗೆ ಬರುವ ಎಷ್ಟೋ ಮಂದಿ ಇದನ್ನು ತಗೊಂಡಿದ್ದಾರೆ, ಇನ್ನೆಷ್ಟೋ ಮಂದಿ ತಗೊಳ್ಳಲಾ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಕೌಂಟರ್‌ನಲ್ಲಿ ನಿಂತು ಹೇಳುವುದಕ್ಕಿಂತ ಪೇಪರ್‌ನಲ್ಲಿ ಬಂದರೆ ಒಳ್ಳೆಯದು ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಹಾಕಿ.

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಚರ್ಮಕ್ಕೆ ಏನೂ ಚುಚ್ಚದೆ, ಬರೀ ಬೆಳಕು ಬಿಟ್ಟು ಶುಗರ್ ಅಳೆಯುತ್ತೇವೆ ಅನ್ನುವ ಈ ವಾಚ್‌ಗಳ ನಂಬರ್ ನೋಡಿ ಮಾತ್ರೆ ಕಡಿಮೆ ಮಾಡಬೇಡಿ, ಇನ್ಸುಲಿನ್ ಜಾಸ್ತಿ ಮಾಡಬೇಡಿ, ಸ್ಟ್ರಿಪ್ ತಗೊಳ್ಳುವುದನ್ನು ನಿಲ್ಲಿಸಬೇಡಿ. ಇದು ನನ್ನೊಬ್ಬಳ ಅಭಿಪ್ರಾಯ ಅಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿ 21ರಂದು ಎಲ್ಲರಿಗೂ ಎಚ್ಚರಿಕೆ ಕೊಟ್ಟಿತು. ಚರ್ಮ ಚುಚ್ಚದೆ ತಾವೇ ಶುಗರ್ ಅಳೆಯುವ ಒಂದೇ ಒಂದು ಸ್ಮಾರ್ಟ್‌ವಾಚ್‌ಗಾಗಲಿ ಉಂಗುರಕ್ಕಾಗಲಿ ತಾವು ಅನುಮತಿ ಕೊಟ್ಟಿಲ್ಲ, ಯಾವ ಕಂಪನಿಯದ್ದಾದರೂ ಸರಿ, ಬಳಸಬೇಡಿ ಅಂತ ಸ್ಪಷ್ಟವಾಗಿ ಹೇಳಿತು. ಅಷ್ಟು ದೊಡ್ಡ ದೇಶದಲ್ಲಿ, ಅಷ್ಟು ದುಡ್ಡಿರುವ ಕಂಪನಿಗಳು ವರ್ಷಗಟ್ಟಲೆ ಒದ್ದಾಡಿಯೂ ದಾಟಲಾಗದ ಪರೀಕ್ಷೆಯನ್ನು ಎರಡು ಸಾವಿರ ರೂಪಾಯಿಯ ವಾಚ್ ದಾಟಿದೆ ಅಂದರೆ ಹೇಗೆ ನಂಬುವುದು ಹೇಳಿ?

ಕಳೆದ ತಿಂಗಳು ಒಬ್ಬರು ಹಿರಿಯರು ಬಂದಿದ್ದರು. ನಮ್ಮ ಹಳೇ ಗಿರಾಕಿ, ಪ್ರತಿ ತಿಂಗಳೂ ಮಾತ್ರೆ ಜೊತೆ ಸ್ಟ್ರಿಪ್ ಡಬ್ಬಿ ತಗೊಳ್ಳುವವರು. ಈ ಸಲ "ಸ್ಟ್ರಿಪ್ ಬೇಡಮ್ಮ, ಮಗ ಕುವೈತ್‌ನಿಂದ ವಾಚ್ ಕಳಿಸಿದ್ದಾನೆ" ಅಂದರು. ವಾಚ್‌ನಲ್ಲಿ 108 ಇತ್ತು. ಆಗಷ್ಟೇ ಹೋಟೆಲಲ್ಲಿ ಬನ್ಸ್ ತಿಂದು ಚಾ ಕುಡಿದು ಬಂದಿದ್ದೇನೆ ಅಂತ ಅವರೇ ಹೇಳಿದ್ದರಿಂದ ನನಗೆ ಅನುಮಾನ ಬಂತು. ಕೈ ತೊಳೆಸಿ, ಬೆರಳು ಚುಚ್ಚಿ, ಅಂಗಡಿಯ ಗ್ಲುಕೋಮೀಟರ್‌ನಲ್ಲಿ ನೋಡಿದೆವು. 231. ಅವರಿಗೆ ನಂಬಿಕೆ ಬರಲಿಲ್ಲ, ನಿಮ್ಮ ಮೆಷಿನ್ ಸರಿ ಇಲ್ಲ ಅಂದರು. ಸರಿ ಅಂತ ಅವರ ಎದುರೇ ಆ ವಾಚನ್ನು ಬಿಚ್ಚಿ, ಕೌಂಟರ್ ಮೇಲಿದ್ದ ಕೆಮ್ಮಿನ ಸಿರಪ್ ಬಾಟಲಿಗೆ ಕಟ್ಟಿ ಬಟನ್ ಒತ್ತಿದೆ. ಹಸಿರು ಲೈಟ್ ಮಿಣುಕಿತು, ಅರ್ಧ ನಿಮಿಷ ಸುತ್ತಿತು, 103 ಅಂತ ತೋರಿಸಿತು. ಅವರು ಏನೂ ಮಾತಾಡಲಿಲ್ಲ, ಸ್ಟ್ರಿಪ್ ಕೊಡಿ ಅಂದರು ಅಷ್ಟೇ. ಮನೆಯಲ್ಲಿ ಇಂಥ ವಾಚ್ ಇದ್ದರೆ ನೀವೂ ಒಂದು ಸಲ ಹೀಗೆ ಮಾಡಿ ನೋಡಿ. ಬಾಟಲಿ ಆಗದಿದ್ದರೆ ಬಾಳೆಹಣ್ಣು ಆದೀತು.

ಹಾಗಾದರೆ ಆ ನಂಬರ್ ಎಲ್ಲಿಂದ ಬರುತ್ತದೆ? ಕೆಲವು ವಾಚ್‌ಗಳ ಆ್ಯಪ್ ಮೊದಲೇ ನಿಮ್ಮ ವಯಸ್ಸು, ತೂಕ, ಶುಗರ್ ಉಂಟಾ ಇಲ್ವಾ, ಊಟ ಎಷ್ಟು ಗಂಟೆಗೆ ಅಂತೆಲ್ಲ ಕೇಳಿಕೊಳ್ಳುತ್ತದೆ. ಕೆಲವು ಒಂದು ಸಲ ರಕ್ತ ಪರೀಕ್ಷೆಯ ನಂಬರ್ ಹಾಕಿ ಅನ್ನುತ್ತವೆ. ಆಮೇಲೆ ಅದರ ಸುತ್ತಮುತ್ತಲಿನ ನಂಬರನ್ನೇ ತೋರಿಸುತ್ತಾ ಹೋದರೆ ನೋಡುವವರಿಗೆ ನಿಜ ಅಂತಲೇ ಅನಿಸುತ್ತದೆ. ಇದು ಅಳತೆ ಅಲ್ಲ, ಊಹೆ. ಶುಗರ್ ಕಂಟ್ರೋಲ್‌ನಲ್ಲಿದ್ದ ದಿನ ಊಹೆ ಸರಿಹೋಗುತ್ತದೆ. ಶುಗರ್ ಏರಿದ ದಿನ, ಇಳಿದ ದಿನ, ಅಂದರೆ ನಿಮಗೆ ನಂಬರ್ ನಿಜವಾಗಿ ಬೇಕಾದ ದಿನವೇ ಅದು ಕೈಕೊಡುತ್ತದೆ.

ಅಂಗಡಿಗೆ ಬರುವವರು ಕೇಳುವ ಪ್ರಶ್ನೆ ಒಂದುಂಟು, ಅದು ನ್ಯಾಯವಾದದ್ದೇ. "ಕೊರೊನಾ ಸಮಯದಲ್ಲಿ ಬೆರಳಿಗೆ ಸಿಕ್ಕಿಸುವ ಮೆಷಿನ್ ಆಕ್ಸಿಜನ್ ತೋರಿಸುತ್ತಿತ್ತಲ್ಲ, ಅದೂ ಚುಚ್ಚದೇ ಅಲ್ವಾ? ಹಾಗಾದರೆ ಶುಗರ್ ಯಾಕೆ ಆಗುವುದಿಲ್ಲ?" ಅಂತ. ಆಕ್ಸಿಜನ್ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಬಣ್ಣದಲ್ಲೇ ವ್ಯತ್ಯಾಸ ಉಂಟು. ಹಿಮೋಗ್ಲೋಬಿನ್ ಆಕ್ಸಿಜನ್ ಹೊತ್ತುಕೊಂಡಾಗ ಬೆಳಕನ್ನು ಹೀರುವ ರೀತಿಯೇ ಬದಲಾಗುತ್ತದೆ. ಕೆಂಪು ಮತ್ತು ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್), ಎರಡು ಬಗೆಯ ಬೆಳಕು ಬಿಟ್ಟು ಅದನ್ನು ಹಿಡಿಯಬಹುದು. ಗ್ಲುಕೋಸ್‌ಗೆ, ಅಂದರೆ ರಕ್ತದಲ್ಲಿರುವ ಸಕ್ಕರೆಗೆ, ಬಣ್ಣವೇ ಇಲ್ಲ. ಇರುವುದೂ ತೀರಾ ಸ್ವಲ್ಪ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇದ್ದರೆ, ಶುಗರ್ 100 ಇರುವಾಗ ಅಷ್ಟೂ ರಕ್ತದಲ್ಲಿ ಇರುವ ಗ್ಲುಕೋಸ್ 5 ಗ್ರಾಂ, ಒಂದು ಟೀ ಚಮಚದಷ್ಟು. ಅವಗೆಂಪು ಬೆಳಕಿನಲ್ಲಿ ಗ್ಲುಕೋಸ್‌ನ ಗುರುತು ಸಿಗುತ್ತದೆ, ಇಲ್ಲ ಅಂತಲ್ಲ. ಆದರೆ ಅದೇ ಬೆಳಕನ್ನು ಮೈಯೊಳಗಿನ ನೀರು, ಕೊಬ್ಬು, ಪ್ರೋಟೀನ್ ಎಲ್ಲವೂ ಹೀರುತ್ತವೆ. ಮಲ್ಪೆ ಬಂದರಿನಲ್ಲಿ ಮೀನು ಹರಾಜು ನಡೆಯುವಾಗ ಆ ಗದ್ದಲದ ಮಧ್ಯೆ ಯಾರೋ ಒಬ್ಬರು ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡ ಹಾಗೆ ಅದು. ಅದರ ಮೇಲೆ ಬೆವರು, ಚರ್ಮದ ಬಿಸಿ, ಚರ್ಮದ ಬಣ್ಣ, ವಾಚಿನ ಪಟ್ಟಿ ಬಿಗಿಯೋ ಸಡಿಲವೋ ಅನ್ನುವುದರಿಂದಲೂ ಲೆಕ್ಕ ತಪ್ಪುತ್ತದೆ. ನಮ್ಮ ಕರಾವಳಿಯ ಸೆಕೆ ಗೊತ್ತಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ಕೈ ಒಣಗಿರುವುದಾದರೂ ಯಾವಾಗ!

ಇದಕ್ಕಾಗಿ ಪ್ರಾಮಾಣಿಕವಾಗಿ ಪ್ರಯತ್ನ ಮಾಡಿದವರು ಬೇಕಾದಷ್ಟು ಮಂದಿ ಇದ್ದಾರೆ, ಅವರ ಬಗ್ಗೆ ನನಗೆ ಗೌರವ ಇದೆ. 2001ರಲ್ಲೇ ಅಮೆರಿಕದಲ್ಲಿ ಗ್ಲುಕೋವಾಚ್ ಅನ್ನುವುದಕ್ಕೆ ಎಫ್‌ಡಿಎ ಅನುಮತಿ ಸಿಕ್ಕಿತ್ತು. ಅದು ಬೆಳಕಿನಿಂದ ನೋಡುತ್ತಿರಲಿಲ್ಲ, ಸಣ್ಣದಾಗಿ ಕರೆಂಟ್ ಹಾಯಿಸಿ ಚರ್ಮದ ಮೂಲಕ ಗ್ಲುಕೋಸ್ ಎಳೆದು ಅಳೆಯುತ್ತಿತ್ತು. ಆದರೆ ಕಟ್ಟಿಕೊಂಡ ಮೇಲೆ ಗಂಟೆಗಟ್ಟಲೆ ಕಾಯಬೇಕು, ಸರಿಹೊಂದಿಸಲು ಮತ್ತೆ ಬೆರಳು ಚುಚ್ಚಲೇಬೇಕು (ಅಂದರೆ ಅದೂ ತಾನೇ ಅಳೆಯುವಂಥದ್ದು ಆಗಿರಲಿಲ್ಲ), ಬೆವರಿದರೆ ರೀಡಿಂಗ್ ನಿಂತುಬಿಡುತ್ತಿತ್ತು, ಕಟ್ಟಿದ ಜಾಗ ಕೆಂಪಾಗಿ ಉರಿಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು. ಆಮೇಲೆ ಗೂಗಲ್‌ನವರು 2014ರ ಜನವರಿಯಲ್ಲಿ ಕಣ್ಣಿಗೆ ಹಾಕುವ ಕಾಂಟ್ಯಾಕ್ಟ್ ಲೆನ್ಸ್ ತೋರಿಸಿದರು, ಕಣ್ಣೀರಿನಿಂದಲೇ ಶುಗರ್ ಅಳೆಯುವಂಥದ್ದು. 2018ರ ನವೆಂಬರ್‌ನಲ್ಲಿ ಆ ಕೆಲಸ ನಿಲ್ಲಿಸಿದರು. ಕಣ್ಣೀರಿನ ಗ್ಲುಕೋಸ್‌ಗೂ ರಕ್ತದ ಗ್ಲುಕೋಸ್‌ಗೂ ನಂಬುವ ಮಟ್ಟಿಗೆ ತಾಳೆ ಬರಲಿಲ್ಲ ಅಂತ ಅವರೇ ಒಪ್ಪಿಕೊಂಡರು. ಆಗಲಿಲ್ಲ ಅಂತ ಹೇಳಿ ನಿಲ್ಲಿಸಿದ್ದಾರಲ್ಲ, ಅದು ದೊಡ್ಡ ಗುಣ. ಬೆವರಿನಿಂದ, ಜೊಲ್ಲಿನಿಂದ, ಉಸಿರಿನಿಂದ ಅಳೆಯುವ ಸಂಶೋಧನೆ ಈಗಲೂ ನಡೆಯುತ್ತಿದೆ. ಮುಂದೊಂದು ದಿನ ಆದರೂ ಆಗಬಹುದು, ಆಗಲಿ ಅಂತ ಶುಗರ್ ಇರುವವರಿಗೆ ಎಷ್ಟು ಆಸೆ ಇದೆಯೋ ನನಗೂ ಅಷ್ಟೇ ಇದೆ. ಈಗ ಪೆಟ್ಟಿಗೆಯಲ್ಲಿ ಹಾಕಿ ಮಾರುತ್ತಿರುವುದು ಅದಲ್ಲ, ಅಷ್ಟೇ ನಾನು ಹೇಳುವುದು.

ಚರ್ಮದ ಮೇಲೆ ಅಂಟಿಸಿಕೊಂಡು ಶುಗರ್ ನೋಡುವ ಸಾಧನ ಒಂದು ನಿಜವಾಗಿಯೂ ಇದೆ. ಸಿಜಿಎಂ (ಕಂಟಿನ್ಯುಯಸ್ ಗ್ಲುಕೋಸ್ ಮಾನಿಟರ್) ಅನ್ನುತ್ತಾರೆ. ತೋಳಿನ ಹಿಂಬದಿಗೆ ನಾಣ್ಯದಷ್ಟಗಲದ ಒಂದು ಸೆನ್ಸರ್ ಅಂಟಿಸುತ್ತಾರೆ. ಅದರಲ್ಲಿ ಕೂದಲಿನಂಥ ಒಂದು ಸಣ್ಣ ಎಳೆ ಇರುತ್ತದೆ, ಅದು ಚರ್ಮದ ಒಳಗೆ ಹೋಗಿ ಕೂರುತ್ತದೆ. ಹಾಗಾಗಿ ಇದನ್ನು ಚುಚ್ಚದ ಸಾಧನ ಅನ್ನಲಾಗುವುದಿಲ್ಲ. ಒಂದು ಸಲ ಚುಚ್ಚಿದರೆ ಹೆಚ್ಚಾಗಿ 10ರಿಂದ 15 ದಿನ ನಡೆಯುತ್ತದೆ, ಅಷ್ಟು. ಆ ಎಳೆಯ ಮೇಲೆ ಒಂದು ಎಂಜೈಮ್ ಲೇಪಿಸಿರುತ್ತಾರೆ, ಅದು ಗ್ಲುಕೋಸ್ ಜೊತೆ ಸೇರಿದಾಗ ಹುಟ್ಟುವ ಸಣ್ಣ ಕರೆಂಟನ್ನು ಅಳೆದು ಫೋನಿಗೆ ಕಳಿಸುತ್ತದೆ. ಬೆಳಿಗ್ಗೆ ಒಂದು ಸಲ ಚುಚ್ಚಿ ನೋಡಿದರೆ ಆ ಹೊತ್ತಿನ ಶುಗರ್ ಮಾತ್ರ ಗೊತ್ತಾಗುತ್ತದೆ, ಇದರಲ್ಲಿ ಹಗಲು ರಾತ್ರಿ ಹೇಗೆ ಏರಿಳಿಯಿತು ಅಂತ ಗೆರೆಯಾಗಿ ಕಾಣುತ್ತದೆ. ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಬಾಣದ ಗುರುತೂ ಇರುತ್ತದೆ. ತೀರಾ ಇಳಿದರೆ ಅಲಾರಂ ಕೂಗುವ ಸೆನ್ಸರ್‌ಗಳೂ ಇವೆ.

ನಮ್ಮಲ್ಲಿಗೆ ಬರುವ ಒಬ್ಬರು ಅಕ್ಕ ಡಾಕ್ಟರ್ ಹೇಳಿದರು ಅಂತ ಎರಡು ವಾರ ಅದನ್ನು ಹಾಕಿಕೊಂಡಿದ್ದರು. ಆ ಗೆರೆ ನೋಡಿ ಅವರಿಗೇ ಆಶ್ಚರ್ಯ. ನೀರ್‌ದೋಸೆ ಹಗುರ ಅಲ್ವಾ ಅಂತ ಬೆಳಿಗ್ಗೆ ಆರೇಳು ತಿನ್ನುತ್ತಿದ್ದರು, ಗೆರೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಅದೇ ಎರಡು ನೀರ್‌ದೋಸೆ ಜೊತೆ ಮೀನು ಗಸಿಯೋ ಕಡಲೆಯೋ ಇದ್ದ ದಿನ ಅಷ್ಟು ಏರಲಿಲ್ಲ. ಕುಚಲಕ್ಕಿ ಗಂಜಿ ಎಷ್ಟು ಕುಡಿದರೂ ಏನಾಗುವುದಿಲ್ಲ ಅಂತ ನಂಬಿದ್ದರು, ಅದೂ ಹಾಗಲ್ಲ ಅಂತ ಗೊತ್ತಾಯಿತು. ಯಾರ ಉಪದೇಶವೂ ಬೇಕಾಗಲಿಲ್ಲ ಅವರಿಗೆ. ಈಗ ಸೆನ್ಸರ್ ಇಲ್ಲ, ಆದರೆ ತಟ್ಟೆಗೆ ಎಷ್ಟು ಹಾಕಿಕೊಳ್ಳಬೇಕು ಅಂತ ಗೊತ್ತುಂಟು.

ಸಿಜಿಎಂಗೂ ಮಿತಿ ಇದೆ, ಅದನ್ನೂ ಹೇಳಬೇಕು. ಅದು ನೋಡುವುದು ರಕ್ತವನ್ನಲ್ಲ, ಚರ್ಮದ ಕೆಳಗೆ ಜೀವಕೋಶಗಳ ನಡುವೆ ಇರುವ ದ್ರವವನ್ನು. ರಕ್ತದಲ್ಲಿ ಆದ ಬದಲಾವಣೆ ಅಲ್ಲಿ ಕಾಣಲು ಕೆಲವು ನಿಮಿಷ ತಡ ಆಗುತ್ತದೆ. ಶುಗರ್ ಬೇಗ ಬೇಗ ಇಳಿಯುವಾಗ ಆ ಕೆಲವು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಸೆನ್ಸರ್ ಇರುವ ಕೈ ಅಡಿಗೆ ಹಾಕಿ ಮಲಗಿದರೆ ಇಲ್ಲದ ಲೋ ಶುಗರ್ ತೋರಿಸಬಹುದು. ಕೆಲವು ಸೆನ್ಸರ್‌ಗಳು ವಿಟಮಿನ್ ಸಿ ಮಾತ್ರೆ ಜಾಸ್ತಿ ತಗೊಂಡರೆ ನಿಜಕ್ಕಿಂತ ಹೆಚ್ಚು ತೋರಿಸುತ್ತವೆ. ಸೆಕೆಗೆ, ಮಳೆಗಾಲದ ಒದ್ದೆಗೆ ಅಂಟು ಬಿಟ್ಟು ಹೋಗುವುದೂ ಉಂಟು. ಹಾಗಾಗಿ ನಂಬರ್ ಒಂದು ಹೇಳಿ ಮೈ ಬೇರೆ ಹೇಳಿದರೆ ಬೆರಳು ಚುಚ್ಚಿ ನೋಡಲೇಬೇಕು.

ಮನೆಯ ಗ್ಲುಕೋಮೀಟರ್ ಎಷ್ಟು ಸರಿ ಅಂತ ಕೇಳುವವರಿದ್ದಾರೆ. ಅದಕ್ಕೊಂದು ಅಂತಾರಾಷ್ಟ್ರೀಯ ಮಾನದಂಡ ಉಂಟು, ಐಎಸ್‌ಒ 15197 ಅಂತ. ಶುಗರ್ 100 ಅಥವಾ ಅದಕ್ಕಿಂತ ಮೇಲಿದ್ದರೆ ನೂರರಲ್ಲಿ ಕನಿಷ್ಠ 95 ಸಲ ಲ್ಯಾಬ್ ರೀಡಿಂಗ್‌ನಿಂದ ಹೆಚ್ಚುಕಡಿಮೆ ಶೇಕಡಾ 15ರ ಒಳಗೆ ಬರಬೇಕು, 100ಕ್ಕಿಂತ ಕೆಳಗಿದ್ದರೆ 15 ಅಂಕದ ಒಳಗೆ. ಹಾಗಾಗಿ ಲ್ಯಾಬ್‌ನಲ್ಲಿ 140, ಮನೆಯಲ್ಲಿ 150 ಬಂದರೆ ಮೆಷಿನ್ ಹಾಳಾಗಿದೆ ಅಂತ ಅಲ್ಲ. ಆ ಕರಪತ್ರದ ವಾಚ್ ಯಾವ ಮಾನದಂಡದಲ್ಲಿ ಪಾಸಾಗಿದೆ ಅಂತ ನಾನು ಅದರಲ್ಲಿದ್ದ ನಂಬರ್‌ಗೆ ಫೋನ್ ಮಾಡಿ ಕೇಳಿದೆ. "ಮೇಡಂ, ಇದು ಫಿಟ್‌ನೆಸ್‌ಗೆ ಮಾತ್ರ" ಅಂದರು. ಪೆಟ್ಟಿಗೆಯ ಅಡಿಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಇದು ವೈದ್ಯಕೀಯ ಉಪಕರಣ ಅಲ್ಲ ಅಂತ ಬರೆದೂ ಇದೆ. ಎದುರಿಗೆ ಶುಗರ್ ಅಂತ ದೊಡ್ಡದಾಗಿ ಹಾಕಿ ಹಿಂದೆ ಹೀಗೆ ಬರೆದು ಕೈತೊಳೆದುಕೊಳ್ಳುವುದು ಯಾವ ನ್ಯಾಯ?

ಅಪಾಯ ಎಲ್ಲಿ ಅಂತ ಕೇಳಿದರೆ, ಹೈ ಶುಗರ್‌ಗಿಂತ ಮೊದಲು ನನಗೆ ಲೋ ಶುಗರ್‌ನ ಭಯ. ಇನ್ಸುಲಿನ್ ತಗೊಳ್ಳುವವರು, ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳುವವರು ಊಟ ತಪ್ಪಿಸಿದರೆ ಶುಗರ್ 70ಕ್ಕಿಂತ ಕೆಳಗೆ ಹೋಗಬಹುದು. 54ಕ್ಕಿಂತ ಕೆಳಗೆ ಹೋದರೆ ಗಂಭೀರ. ನಮ್ಮಲ್ಲಿ ಉಪವಾಸ ಕಡಿಮೆಯಾ? ಏಕಾದಶಿ, ಶನಿವಾರದ ಒಪ್ಪೊತ್ತು, ರಂಜಾನ್ ತಿಂಗಳು. ಅಂಥ ದಿನ ಕೈ ನಡುಗಿ, ಬೆವರಿ, ತಲೆ ತಿರುಗುವಾಗ ವಾಚ್ ನೋಡಿ "104 ಉಂಟಲ್ಲ, ಏನಿಲ್ಲ ಬಿಡು" ಅಂತ ಮಲಗಿದರೆ ಏಳದೇ ಇರಬಹುದು. ಅದೇ ವಾಚ್ ಸುಮ್ನೆ 280 ತೋರಿಸಿದರೆ ಹೆದರಿ ಇನ್ಸುಲಿನ್ ಎರಡು ಪಾಯಿಂಟ್ ಜಾಸ್ತಿ ಹಾಕಿಕೊಳ್ಳುವವರೂ ಇದ್ದಾರೆ. ಅದರ ಗತಿಯೂ ಅದೇ. ಲೋ ಆದ ಲಕ್ಷಣ ಕಂಡರೆ, ನುಂಗುವಷ್ಟು ಎಚ್ಚರ ಇದ್ದರೆ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಿ, ಏರದಿದ್ದರೆ ಮತ್ತೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಜನ ಇಂಥ ವಾಚ್‌ಗೆ ಯಾಕೆ ಮರುಳಾಗುತ್ತಾರೆ ಅಂತ ನನಗೆ ಚೆನ್ನಾಗಿ ಅರ್ಥ ಆಗುತ್ತದೆ, ಅವರನ್ನು ನಾನು ಬಯ್ಯುವುದಿಲ್ಲ. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯಲ್ಲಿ ಬೀಡಿ ಕಟ್ಟುವ ಹೆಂಗಸರು ಎಷ್ಟು ಮಂದಿ ಇದ್ದಾರೆ! ಬೆರಳ ತುದಿಯೇ ಅವರ ದುಡಿಮೆ. ಎಲೆ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟಿ ಬೆರಳ ತುದಿ ದಪ್ಪಗಾಗಿರುತ್ತದೆ. ಚುಚ್ಚುವ ಸೂಜಿ, ಅಂದರೆ ಲ್ಯಾನ್ಸೆಟ್, ಒಂದು ಸಲಕ್ಕೆ ರಕ್ತ ತೆಗೆಯುವುದಿಲ್ಲ, ಮತ್ತೆ ಚುಚ್ಚಬೇಕು, ಆಮೇಲೆ ಇಡೀ ದಿನ ಎಲೆ ಮಡಚುವಾಗ ನೋವು. ಮೀನು ಕತ್ತರಿಸುವವರಿಗೆ ಉಪ್ಪು ನೀರು ತಾಗಿ ಉರಿ. ಒಂದು ಸ್ಟ್ರಿಪ್‌ಗೆ ಹದಿನೈದು ಇಪ್ಪತ್ತು ರೂಪಾಯಿ ಆಗುವಾಗ ದಿನಗೂಲಿಯಲ್ಲಿ ಯಾರು ಪದೇ ಪದೇ ಚುಚ್ಚಿಕೊಳ್ಳುತ್ತಾರೆ? ಚುಚ್ಚದ ವಾಚ್ ಅಂದ ಕೂಡಲೇ ಅವರ ಮುಖದಲ್ಲಿ ಕಾಣುವ ಆಸೆ ನೋಡಿದರೆ ಮಾರುವವರ ಮೇಲೆ ನನಗೆ ಹೊಟ್ಟೆ ಉರಿಯುತ್ತದೆ. 2023ರಲ್ಲಿ ಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಶುಗರ್ ಇರುವವರು 10 ಕೋಟಿಗೂ ಹೆಚ್ಚು. ಅಷ್ಟು ಮಂದಿಯ ನೋವಿನ ಮೇಲೆ ವ್ಯಾಪಾರ ಇದು.

ನೋವು ಕಡಿಮೆ ಮಾಡಿಕೊಳ್ಳಲು ಸುಲಭದ ದಾರಿ ಇದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಬೆರಳಿನ ಮಧ್ಯಕ್ಕೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ, ಅಲ್ಲಿ ನೋವು ಕಡಿಮೆ. ಕಿರುಬೆರಳು, ಉಂಗುರ ಬೆರಳು ಒಳ್ಳೆಯದು, ಪ್ರತಿ ಸಲ ಬೆರಳು ಬದಲಿಸಿ. ಬಿಸಿನೀರಲ್ಲಿ ಸೋಪು ಹಾಕಿ ಕೈ ತೊಳೆದರೆ ರಕ್ತ ಸುಲಭದಲ್ಲಿ ಬರುತ್ತದೆ, ಆಮೇಲೆ ಚೆನ್ನಾಗಿ ಒರೆಸಿ. ಹಣ್ಣು ಸುಲಿದ ಕೈ, ಬೆಲ್ಲ ಮುಟ್ಟಿದ ಕೈ ಹಾಗೇ ಇಟ್ಟರೆ ಇಲ್ಲದ ಶುಗರ್ ತೋರಿಸುತ್ತದೆ. ಚುಚ್ಚುವ ಪೆನ್ನಿನಲ್ಲಿ ಆಳ ಬದಲಿಸುವ ನಂಬರ್ ಇರುತ್ತದೆ, ಕಡಿಮೆಯಿಂದ ಶುರು ಮಾಡಿ. ಒಂದೇ ಲ್ಯಾನ್ಸೆಟ್ ತಿಂಗಳಿಡೀ ಬಳಸಿದರೆ ಮೊಂಡಾಗಿ ನೋವು ಜಾಸ್ತಿ ಆಗುತ್ತದೆ. ಎಷ್ಟು ಸಲ ನೋಡಬೇಕು ಅಂತ ಡಾಕ್ಟರನ್ನು ಕೇಳಿ, ಬರೀ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುವವರಿಗೆ ದಿನಾ ಚುಚ್ಚುವ ಅಗತ್ಯ ಹೆಚ್ಚಾಗಿ ಇರುವುದಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಮಾತ್ರ ತಪ್ಪಿಸಬೇಡಿ.

ಇನ್ನು ಕೇಳಿಕೊಳ್ಳುವುದು. ಗ್ಲುಕೋಮೀಟರ್ ನಮ್ಮ ದೇಶದಲ್ಲಿ 2017ರ ವೈದ್ಯಕೀಯ ಉಪಕರಣ ನಿಯಮಗಳ ಅಡಿ ಬರುತ್ತದೆ, ಲೈಸೆನ್ಸ್ ಇಲ್ಲದೆ ತಯಾರಿಸುವಂತಿಲ್ಲ, ಹೊರದೇಶದಿಂದ ತರಿಸುವಂತಿಲ್ಲ. ಶುಗರ್ ತೋರಿಸುತ್ತೇನೆ ಅನ್ನುವ ವಾಚ್ ಮಾತ್ರ ಫಿಟ್‌ನೆಸ್ ಹೆಸರಲ್ಲಿ ತಪ್ಪಿಸಿಕೊಳ್ಳಬಾರದು. ಔಷಧ ನಿಯಂತ್ರಣ ಇಲಾಖೆಯವರು ನಮ್ಮಂಥ ಮೆಡಿಕಲ್‌ಗಳಿಗೆ ಬಂದು ಪುಸ್ತಕ ತೆಗೆಸಿ ನೋಡುತ್ತಾರೆ, ನೋಡಲೇಬೇಕು. ಅದೇ ಕಣ್ಣು ಈ ವಾಚ್ ಮಾರುವವರ ಮೇಲೂ ಬೀಳಲಿ. ಜನರೂ ಬಿಲ್ ಇಲ್ಲದೆ ಇಂಥದ್ದು ತಗೊಳ್ಳಬಾರದು. ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ.

ಇನ್ನೊಂದು ಬೇಡಿಕೆ ಸರ್ಕಾರಕ್ಕೆ. ಟೈಪ್ 1 ಡಯಾಬಿಟಿಸ್ ಇರುವ ಮಕ್ಕಳ ತಾಯಂದಿರು ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು, ಮಲಗಿದ ಮಗುವಿನ ಬೆರಳು ಚುಚ್ಚುತ್ತಾರೆ. ಅಂಥ ಮಕ್ಕಳಿಗೆ, ದಿನಕ್ಕೆ ಮೂರು ನಾಲ್ಕು ಸಲ ಇನ್ಸುಲಿನ್ ತಗೊಳ್ಳುವ ಬಡವರಿಗೆ, ಶುಗರ್ ಇರುವ ಗರ್ಭಿಣಿಯರಿಗೆ ಸಿಜಿಎಂ ಸೆನ್ಸರ್ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲೂ ಉಡುಪಿಯ ಜಿಲ್ಲಾಸ್ಪತ್ರೆಯಲ್ಲೂ ಉಚಿತವಾಗಿ ಸಿಗುವಂತಾಗಬೇಕು. ತಿಂಗಳಿಗೆ ಎರಡು ಮೂರು ಸೆನ್ಸರ್ ಬೇಕು, ಒಂದೊಂದಕ್ಕೂ ಸಾವಿರಗಟ್ಟಲೆ. ಕೂಲಿ ಮಾಡುವ ಮನೆಯವರು ಎಲ್ಲಿಂದ ತರುತ್ತಾರೆ? ಎಲ್ಲರಿಗೂ ಕೊಡಿ ಅಂತ ನಾನು ಕೇಳುತ್ತಿಲ್ಲ, ಇವರಿಗೆ ಮೊದಲು ಕೊಡಿ. ಉಳಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸ್ಟ್ರಿಪ್ ಖಾಲಿ ಆಗದ ಹಾಗೆ ನೋಡಿಕೊಂಡರೂ ದೊಡ್ಡ ಉಪಕಾರ.

ಕೊನೆಗೆ ದುಬೈ, ಮಸ್ಕತ್, ಕುವೈತ್, ಬೆಂಗಳೂರು, ಮುಂಬೈಯಲ್ಲಿ ಇದ್ದು ಈ ಪತ್ರ ಫೋನಿನಲ್ಲಿ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಅಪ್ಪ ಅಮ್ಮನಿಗೆ ಅಂತ ಪ್ರೀತಿಯಿಂದ ವಾಚ್ ಕಳಿಸುತ್ತೀರಿ, ಅದು ಗೊತ್ತು. ಹೆಜ್ಜೆ ಎಣಿಸಲಿಕ್ಕೆ, ಟೈಮ್ ನೋಡಲಿಕ್ಕೆ ಅಂತ ಕಳಿಸಿ, ಅದರ ಶುಗರ್ ನಂಬರ್ ನೋಡಬೇಡಿ ಅಂತ ಬಾಯಿ ಬಿಟ್ಟು ಹೇಳಿ. ಅದೇ ದುಡ್ಡಿನಲ್ಲಿ ಒಳ್ಳೆಯ ಗ್ಲುಕೋಮೀಟರ್, ಸ್ಟ್ರಿಪ್ ತೆಗೆಸಿಕೊಡಿ. ಅವರು ಇನ್ಸುಲಿನ್ ಮೇಲಿದ್ದು, ಡಾಕ್ಟರ್ ಒಪ್ಪಿದರೆ, ಸಿಜಿಎಂ ಹಾಕಿಸಿ. ಅಲಾರಂ ಮತ್ತು ದೂರದಿಂದ ನೋಡುವ ಸೌಲಭ್ಯ ಇರುವ ಸೆನ್ಸರನ್ನೇ ಕೇಳಿ ತಗೊಳ್ಳಿ. ಆಗ ಇಲ್ಲಿ ಅಮ್ಮನ ಶುಗರ್ 65ಕ್ಕೆ ಇಳಿದರೆ ಅಲ್ಲಿ ನಿಮ್ಮ ಫೋನ್‌ಗೂ ಗೊತ್ತಾಗುತ್ತದೆ. ಪಕ್ಕದ ಮನೆಯವರ ನಂಬರ್ ಇಟ್ಟುಕೊಂಡಿರಿ, ಅವರಿಗೆ ಸಕ್ಕರೆ ನೀರು ಹೇಗೆ ಕೊಡಬೇಕು ಅಂತ ಈಗಲೇ ಹೇಳಿಕೊಟ್ಟಿರಿ.

ಇಂತಿ,
ಮೆಡಿಕಲ್ ಶಾಪಿನ ಒಬ್ಬ ಫಾರ್ಮಸಿಸ್ಟ್
ಸುರತ್ಕಲ್, ಮಂಗಳೂರು